ಓಡುವ ಪರಂಪರೆಗೆ ನಿಲ್ಲುವ ವಿದ್ಯೆ: ಹಳೆಯ ಜಾವಾದ ಮುಂದಿನ ಬ್ರೇಕ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳು ನಮ್ಮ ರಸ್ತೆಗಳಿಂದ ಇನ್ನೂ ಮರೆಯಾಗಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಇವುಗಳ ಅಭಿಮಾನಿಗಳು ಜಾವಾ–ಯೆಜ್ಡಿ ದಿನ ಆಚರಿಸುತ್ತಾರೆ. ಅಪ್ಪನದೋ ತಾತನದೋ ಗಾಡಿಯನ್ನು ಕೊಟ್ಟಿಗೆಯಿಂದ ಹೊರತೆಗೆದು, ತುಕ್ಕು ಕೆರೆದು, ಬಣ್ಣ ಹೊಡೆಸಿ, ಮತ್ತೆ ರಸ್ತೆಗಿಳಿಸುವ ಯುವಕರು ಹೆಚ್ಚುತ್ತಿದ್ದಾರೆ. ಎಂಜಿನ್ ಮೊದಲಿನಂತೆ ಗುಡುಗುತ್ತದೆ, ಟ್ಯಾಂಕು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ವಿಚಾರಿಸುವವರೇ ಹೆಚ್ಚು. ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ.

ಆ ಗಾಡಿಯ ಮುಂದಿನ ಚಕ್ರದಲ್ಲಿರುವ ಬ್ರೇಕ್ 1950ರ ದಶಕದ ರಸ್ತೆಗಾಗಿ ರೂಪಿಸಿದ್ದು. ಇಂದಿನ ರಸ್ತೆ ಬೇರೆ, ಇಂದಿನ ವೇಗ ಬೇರೆ. ಈ ಅಂತರವನ್ನು ತುಂಬುವುದು ಹೇಗೆ, ತುಂಬುವಾಗ ಹಳೆಯದನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎನ್ನುವುದು ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಎದುರಿಸಬೇಕಾದ ಪ್ರಶ್ನೆ.

ಜೆಕ್ ನಾಡಿನಿಂದ ಮೈಸೂರಿಗೆ

ಜಾವಾ ಎಂಬುದು ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದ. ಜೆಕೊಸ್ಲೊವಾಕಿಯಾದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ಅವರ ಹೆಸರಿನ ‘ಜಾ’, ವಾಂಡರರ್‌ನ ‘ವಾ’ ಸೇರಿ ಜಾವಾ ಆಯಿತು. ಎರಡನೇ ಮಹಾಯುದ್ಧದ ನಂತರ ಬಂದ 250 ಸಿಸಿ ಗಾಡಿಗಳು ಈ ಹೆಸರನ್ನು ಅನೇಕ ದೇಶಗಳಿಗೆ ಒಯ್ದವು.

ಭಾರತಕ್ಕೆ ಮೊದಲು ಇವು ಆಮದಾಗಿ ಬರುತ್ತಿದ್ದವು. ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸ್ಥಾಪಿಸಿದರು. ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಈ ಸಾಹಸಕ್ಕಿತ್ತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1973ರಿಂದ ‘ಯೆಜ್ಡಿ’ ಎಂಬ ಹೆಸರು ಬಂತು. 1978ರಲ್ಲಿ ಹೆಚ್ಚು ಶಕ್ತಿಯ ‘ರೋಡ್‌ಕಿಂಗ್’ ಬಂತು. ಹೆಸರು ಬದಲಾಯಿತು, ಎಂಜಿನ್ ಶಕ್ತಿ 12 ಅಶ್ವಶಕ್ತಿಯಿಂದ 16ಕ್ಕೆ ಏರಿತು. ಆದರೆ ಮುಂದಿನ ಚಕ್ರದ ಡ್ರಮ್ ಬ್ರೇಕ್ ಡ್ರಮ್ ಬ್ರೇಕಾಗಿಯೇ ಉಳಿಯಿತು.

ಇದಕ್ಕೆ ಕಾರಣವನ್ನು ಆ ಕಾಲದ ಪೇಟೆಯಲ್ಲಿ ಹುಡುಕಬೇಕು. 1980ರ ದಶಕದ ಆರಂಭದವರೆಗೆ ನಮ್ಮ ದೇಶದಲ್ಲಿ ಮೋಟಾರ್‌ಸೈಕಲ್ ಎಂದರೆ ಬುಲೆಟ್, ರಾಜ್‌ದೂತ್ ಅಥವಾ ಯೆಜ್ಡಿ, ಇಷ್ಟೇ. ಲೈಸೆನ್ಸ್ ಪದ್ಧತಿಯ ದಿನಗಳವು. ಎಷ್ಟು ತಯಾರಿಸಬೇಕೆಂಬುದನ್ನು ಸರಕಾರ ನಿಗದಿ ಮಾಡುತ್ತಿತ್ತು, ವಿದೇಶಿ ಬಿಡಿಭಾಗ ತರಿಸುವುದು ಕಷ್ಟವಾಗಿತ್ತು. ತಯಾರಿಸಿದ್ದೆಲ್ಲ ಮಾರಾಟವಾಗುವಾಗ ಬ್ರೇಕ್ ಸುಧಾರಿಸಿ ಎಂದು ಒತ್ತಾಯಿಸುವವರು ಯಾರೂ ಇರಲಿಲ್ಲ. ರಸ್ತೆಯೂ ಅದನ್ನು ಬೇಡುತ್ತಿರಲಿಲ್ಲ. ಅರಸೀಕೆರೆ ತಾಲ್ಲೂಕಿನ ಗಂಡಸಿಯಂಥ ತೆಂಗಿನ ಸೀಮೆಯ ಹೋಬಳಿ ಊರುಗಳಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನಡುವೆ ಕೊಬ್ಬರಿ ಚೀಲ ಇಟ್ಟುಕೊಂಡು ಹೊರಟವನಿಗೆ ಎದುರಾಗುತ್ತಿದ್ದುದು ಎತ್ತಿನಗಾಡಿ, ಸೈಕಲ್ಲು, ಅಪರೂಪಕ್ಕೆ ಒಂದು ಬಸ್ಸು. ಗಂಟೆಗೆ 40 ಕಿ.ಮೀ. ವೇಗವೇ ದೊಡ್ಡ ವೇಗ.

ಮುಂದಿನ ಬ್ರೇಕ್ ಎಂಬ ಭಯ

ಮುಂದಿನ ಬ್ರೇಕ್ ಹಿಂದುಳಿಯಲು ಇನ್ನೊಂದು ಕಾರಣ ನಮ್ಮ ನಂಬಿಕೆ. “ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ” ಎಂಬ ಮಾತನ್ನು ಸೈಕಲ್ ಕಲಿಯುವಾಗಲೇ ಎಲ್ಲರೂ ಕೇಳಿರುತ್ತೇವೆ. ಆ ಭಯ ಸೈಕಲ್ಲಿನಿಂದ ಮೋಟಾರ್‌ಸೈಕಲ್ಲಿಗೂ ಬಂತು. ಮುಂದಿನ ಬ್ರೇಕಿನ ಕೇಬಲ್ ಸಡಿಲ ಬಿಟ್ಟುಕೊಂಡು, ಬಲಗಾಲಿನ ಬ್ರೇಕನ್ನೇ ನಂಬಿ ವರ್ಷಗಟ್ಟಲೆ ಗಾಡಿ ಓಡಿಸಿದವರಿದ್ದಾರೆ. ಮರಳು, ಜಲ್ಲಿ, ಕೆಸರಿನ ಮೇಲೆ ಅಥವಾ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಸವಾರ ಬೀಳುವುದು ನಿಜ. ಆದ್ದರಿಂದ ಆ ಬುದ್ಧಿಮಾತು ಮಣ್ಣಿನ ರಸ್ತೆಗೆ ಪೂರ್ತಿ ಸುಳ್ಳಲ್ಲ. ಡಾಂಬರು ರಸ್ತೆಗೆ ಮಾತ್ರ ಅದು ಅಪಾಯಕಾರಿ.

ಬ್ರೇಕ್ ಹಿಡಿದ ತಕ್ಷಣ ಗಾಡಿಯ ಮುಂಭಾಗ ಕುಸಿಯುವುದನ್ನು ನೀವು ಗಮನಿಸಿರಬಹುದು. ಭಾರ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಗಾಡಿ ಮತ್ತು ಸವಾರ ಸೇರಿ 210 ಕಿಲೋ ಇದ್ದು, ನಿಂತಾಗ ಅದು ಎರಡು ಚಕ್ರಗಳ ಮೇಲೂ ಸಮನಾಗಿ ಹಂಚಿಕೆಯಾಗಿದೆ ಎಂದಿಟ್ಟುಕೊಳ್ಳೋಣ. ಸಾಕಷ್ಟು ಬಲವಾಗಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ಮೇಲಿನ ಭಾರ ಸುಮಾರು 157 ಕಿಲೋ ಆಗುತ್ತದೆ, ಹಿಂದಿನದರ ಮೇಲೆ 53 ಕಿಲೋ ಉಳಿಯುತ್ತದೆ. ಎಂದರೆ ನಾಲ್ಕು ಪಾಲಿನಲ್ಲಿ ಮೂರು ಪಾಲು ಮುಂದಕ್ಕೆ! ಭಾರ ಇಲ್ಲದ ಚಕ್ರಕ್ಕೆ ರಸ್ತೆಯ ಹಿಡಿತವೂ ಇಲ್ಲ. ಆದ್ದರಿಂದಲೇ ಹಿಂದಿನ ಬ್ರೇಕನ್ನು ಒತ್ತಿ ತುಳಿದರೆ ಚಕ್ರ ಕಚ್ಚಿಕೊಂಡು ಗಾಡಿ ಉಜ್ಜಿಕೊಂಡು ಹೋಗುತ್ತದೆಯೇ ಹೊರತು ಬೇಗ ನಿಲ್ಲುವುದಿಲ್ಲ.

ವೇಗದ ಲೆಕ್ಕ ಇನ್ನೂ ಕಟುವಾದದ್ದು. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡೂ ಬ್ರೇಕ್ ಚೆನ್ನಾಗಿರುವ ಗಾಡಿ ಒಣ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 12 ಮೀಟರ್ ತೆಗೆದುಕೊಂಡರೆ, ಅದೇ ಹಿಡಿತದಲ್ಲಿ 60ರಿಂದ ನಿಲ್ಲಲು 28 ಮೀಟರ್, 80ರಿಂದ ನಿಲ್ಲಲು 50 ಮೀಟರ್ ಬೇಕು. ಅಪಾಯ ಕಂಡು ಕೈ ಲಿವರ್ ಹಿಡಿಯುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲಿ ಗಾಡಿ ಕ್ರಮಿಸುವ 11, 17, 22 ಮೀಟರ್‌ಗಳು ಇದಕ್ಕೆ ಹೆಚ್ಚುವರಿ. ಇಂದಿನ ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಹಳೆಯ ಜಾವಾದ ಮುಂದೆ ಹೋಗುತ್ತಿರುವ ಕಾರಿಗೆ ಡಿಸ್ಕ್ ಬ್ರೇಕ್ ಇದೆ, ಎಬಿಎಸ್ ಇದೆ. ಅದು ಗಕ್ಕನೆ ನಿಂತರೆ ಹಿಂದಿನವನ ಗತಿ ಏನು?

ಡ್ರಮ್ಮಿನೊಳಗಿನ ಬೆಣೆ

ಸುಧಾರಣೆಯ ಮಾತಿಗೆ ಮೊದಲು ಡ್ರಮ್ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಇದನ್ನು ರೂಢಿಗೆ ತಂದವರು ಫ್ರಾನ್ಸಿನ ಲೂಯಿ ರೆನೊ, 1902ರಲ್ಲಿ. ಅದಕ್ಕೂ ಹಿಂದಿನ ಸೈಕಲ್ಲುಗಳಲ್ಲಿ ಟೈರಿನ ಮೇಲೆ ಒಂದು ತುಂಡನ್ನು ಒತ್ತುವ ವ್ಯವಸ್ಥೆ ಇತ್ತು. ಚಕ್ರದ ನಡುವಿನ ಹಬ್‌ನಲ್ಲಿ ಬಟ್ಟಲಿನಂಥ ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು. ಲಿವರ್ ಎಳೆದಾಗ ಕೇಬಲ್ ಒಂದು ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಜಾವಾ 250ರ ಡ್ರಮ್ಮಿನ ವ್ಯಾಸ 160 ಮಿ.ಮೀ.

ಹೊರನೋಟಕ್ಕೆ ಎರಡೂ ಶೂಗಳು ಒಂದೇ ರೀತಿ ಕಂಡರೂ ಕೆಲಸದಲ್ಲಿ ಅವು ಸಮಾನರಲ್ಲ. ತೆರೆದ ಬಾಗಿಲಿನ ಅಡಿಗೆ ಬೆಣೆ ಕೊಟ್ಟದ್ದನ್ನು ನೆನೆಸಿಕೊಳ್ಳಿ. ಬಾಗಿಲು ಒಂದು ದಿಕ್ಕಿಗೆ ಸರಿದರೆ ಬೆಣೆ ಇನ್ನಷ್ಟು ಬಿಗಿಯುತ್ತದೆ, ಇನ್ನೊಂದು ದಿಕ್ಕಿಗೆ ಸರಿದರೆ ಸಡಿಲವಾಗುತ್ತದೆ. ಡ್ರಮ್ಮಿನ ತಿರುಗುವ ದಿಕ್ಕಿಗೆ ಮುಖ ಮಾಡಿ ತೆರೆದುಕೊಳ್ಳುವ ಶೂವನ್ನು ಡ್ರಮ್ಮೇ ತನ್ನೆಡೆಗೆ ಎಳೆದುಕೊಂಡು ಬಿಗಿಯುತ್ತದೆ. ಇದು ಲೀಡಿಂಗ್ ಶೂ. ಇನ್ನೊಂದನ್ನು ಡ್ರಮ್ಮು ಹೊರಕ್ಕೆ ತಳ್ಳುತ್ತದೆ. ಅದು ಟ್ರೇಲಿಂಗ್ ಶೂ. ಸಾಮಾನ್ಯ ಬ್ರೇಕಿನಲ್ಲಿ ಹೆಚ್ಚಿನ ಕೆಲಸ ಮಾಡುವುದು ಲೀಡಿಂಗ್ ಶೂ ಒಂದೇ.

ಮೊದಲ ಸುಧಾರಣೆ: ಇದ್ದದ್ದನ್ನು ಸರಿಪಡಿಸುವುದು

ಹಳೆಯ ಗಾಡಿಯ ಬ್ರೇಕ್ ಹಿಡಿಯುವುದಿಲ್ಲ ಎಂದು ದೂರುವವರಲ್ಲಿ ಹಲವರು ಮೂಲ ಬ್ರೇಕ್ ಹೇಗಿತ್ತೆಂಬುದನ್ನು ಕಂಡೇ ಇರುವುದಿಲ್ಲ. ಮೂರು ನಾಲ್ಕು ದಶಕ ಓಡಿದ ಗಾಡಿಯಲ್ಲಿ ಡ್ರಮ್ಮು ಗುಂಡಗೆ ಉಳಿದಿರುವುದಿಲ್ಲ. ಲೈನಿಂಗ್ ಗಾಜಿನಂತೆ ನುಣುಪಾಗಿರುತ್ತದೆ. ಬೇರಿಂಗಿನ ಗ್ರೀಸು ಒಳಗೆ ಇಳಿದಿರುತ್ತದೆ. ಕೇಬಲ್ಲಿನ ಒಳಗೆ ತುಕ್ಕು ಹಿಡಿದು ಕೈಯ ಶಕ್ತಿ ಅಲ್ಲೇ ಇಂಗುತ್ತದೆ.

ಹಾಗಾಗಿ ಮೊದಲ ಕೆಲಸ ಲೇತಿನದು. ಡ್ರಮ್ಮಿನ ಒಳಮೈಯನ್ನು ತೆಳುವಾಗಿ ಕೆತ್ತಿಸಿ ಗುಂಡಗೆ ಮಾಡಿಸಬೇಕು. ಕಡ್ಡಿಗಳನ್ನು ಬಿಗಿದು ಚಕ್ರ ಕಟ್ಟಿದ ಮೇಲೆಯೇ ಇದನ್ನು ಮಾಡಿಸುವುದು ಕ್ರಮ. ಏಕೆಂದರೆ ಕಡ್ಡಿಗಳ ಎಳೆತಕ್ಕೆ ಹಬ್ ಕೂದಲೆಳೆಯಷ್ಟು ಓರೆಯಾಗುತ್ತದೆ. ಡ್ರಮ್ಮು ಕೆತ್ತಿದಷ್ಟು ಅಗಲವಾಗುವುದರಿಂದ ಶೂಗಳಿಗೆ ದಪ್ಪ ಲೈನಿಂಗ್ ಅಂಟಿಸಿ, ಅದನ್ನೂ ಡ್ರಮ್ಮಿನ ಅಳತೆಗೆ ಸರಿಯಾಗಿ ಕೆತ್ತಿಸಬೇಕು. ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು ಬ್ರೇಕ್ ಹಿಡಿದು ತಿರುಗಿಸಿದರೆ, ಲೈನಿಂಗ್ ಎಲ್ಲೆಲ್ಲಿ ತಾಗುತ್ತಿದೆ ಎಂಬುದು ಬಿಳಿ ಗುರುತಿನಿಂದ ತಿಳಿಯುತ್ತದೆ. ತುದಿಗಳು ಮಾತ್ರ ತಾಗುತ್ತಿದ್ದರೆ ಬ್ರೇಕ್ ಹಿಡಿಯುವುದು ಹೇಗೆ?

ಇನ್ನೆರಡು ಚಿಕ್ಕ ಉಪಾಯಗಳಿಗೆ ಖರ್ಚೇ ಇಲ್ಲ. ಚಕ್ರ ಜೋಡಿಸುವಾಗ ಆಕ್ಸಲ್ ನಟ್ಟನ್ನು ಸಡಿಲ ಬಿಟ್ಟು, ಬ್ರೇಕನ್ನು ಬಲವಾಗಿ ಹಿಡಿದುಕೊಂಡೇ ನಟ್ಟು ಬಿಗಿದರೆ ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಇನ್ನು, ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲಿಗೂ ಕ್ಯಾಮಿನ ತೋಳಿಗೂ ನಡುವೆ ಲಂಬಕೋನ ಇರಬೇಕು. ತೋಳು ಅದನ್ನು ದಾಟಿ ಹೋಗಿದ್ದರೆ ಎಳೆದ ಶಕ್ತಿ ವ್ಯರ್ಥ. ಕೆಲವರು ತೋಳನ್ನೇ ಉದ್ದ ಮಾಡಿಸುತ್ತಾರೆ. ಆಗ ಬಲ ಹೆಚ್ಚುತ್ತದೆ, ಆದರೆ ಲಿವರನ್ನು ಹೆಚ್ಚು ದೂರ ಎಳೆಯಬೇಕಾಗುತ್ತದೆ. ಅದು ಹ್ಯಾಂಡಲ್ಲಿಗೆ ತಾಗುವಂತಾದರೆ ಲಾಭವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಡ್ರಮ್ಮು ಬಿಚ್ಚಿದಾಗ ಕಾಣುವ ಕಪ್ಪು ಪುಡಿಯನ್ನು ಬಾಯಿಯಿಂದ ಊದುವುದು ಗ್ಯಾರೇಜುಗಳಲ್ಲಿ ರೂಢಿ. ಕಲ್ನಾರಿನ ಎಳೆಗಳು ಶ್ವಾಸಕೋಶದಲ್ಲಿ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಕಲ್ನಾರು ಇಲ್ಲದ ಲೈನಿಂಗ್ ಹಾಕಿಸುವುದು ಕ್ಷೇಮ.

ಎರಡನೇ ಮೆಟ್ಟಿಲು: ಜೋಡಿ ಲೀಡಿಂಗ್ ಶೂ

ಒಂದು ಲೀಡಿಂಗ್ ಶೂ ಇಷ್ಟು ಕೆಲಸ ಮಾಡುವುದಾದರೆ ಎರಡನ್ನೂ ಹಾಗೆಯೇ ಮಾಡಬಾರದೇಕೆ? ಜಗತ್ತಿನ ಮೋಟಾರ್‌ಸೈಕಲ್ ತಯಾರಕರು ಈ ದಾರಿಯನ್ನೂ ಹಿಡಿದರು. ಎರಡು ಶೂಗಳಿಗೂ ಬೇರೆ ಬೇರೆ ಕ್ಯಾಮ್ ಕೊಟ್ಟು, ಹೊರಗಿನಿಂದ ಒಂದು ಕಂಬಿಯಿಂದ ಅವನ್ನು ಜೋಡಿಸಿದರು. ನಮ್ಮಲ್ಲಿ ಬುಲೆಟ್ಟಿನ ಮುಂದಿನ 6 ಇಂಚಿನ ಸಾಮಾನ್ಯ ಬ್ರೇಕಿನ ಜಾಗಕ್ಕೆ ನಂತರದ ಗಾಡಿಗಳಲ್ಲಿ 7 ಇಂಚಿನ ಜೋಡಿ ಲೀಡಿಂಗ್ ಶೂ ಬಂತು.

ಇದಕ್ಕಿಂತ ಸ್ವಾರಸ್ಯಕರವಾದ ಉದಾಹರಣೆ 1983ರಲ್ಲಿ ಬಂದ ರಾಜ್‌ದೂತ್ 350. ಜಪಾನಿನ ಯಮಹಾ ಆರ್‌ಡಿ 350 ಇದರ ಮೂಲ. ಆ ಮೂಲ ಗಾಡಿಯ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕ್ ಇತ್ತು. ಭಾರತಕ್ಕೆ ಬರುವಾಗ ಬೆಲೆ ತಗ್ಗಿಸುವ ಸಲುವಾಗಿ ಡಿಸ್ಕ್ ತೆಗೆದು ಜೋಡಿ ಲೀಡಿಂಗ್ ಶೂಗಳ ಡ್ರಮ್ ಹಾಕಲಾಯಿತು. ಹೀಗೆ ದೇಶದ ಅತ್ಯಂತ ವೇಗದ ಗಾಡಿಯೊಂದು ಬ್ರೇಕಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನಮ್ಮ ರಸ್ತೆಗೆ ಇಳಿಯಿತು!

ಹಳೆಯ ಗಾಡಿಗೆ ಈ ಬಗೆಯ ಬ್ರೇಕ್ ಕೂರಿಸುವವರಿಗೆ ಒಂದು ಅನುಕೂಲವಿದೆ. ಹೊರನೋಟ ಹಾಳಾಗುವುದಿಲ್ಲ, ಅದು ಆ ಕಾಲದ್ದೇ ತಂತ್ರ. ಆದರೆ ಎರಡು ಕ್ಯಾಮ್‌ಗಳ ನಡುವಿನ ಕಂಬಿಯ ಉದ್ದವನ್ನು ಎರಡೂ ಶೂ ಒಂದೇ ಕ್ಷಣದಲ್ಲಿ ತಾಗುವಂತೆ ಹೊಂದಿಸಬೇಕು. ಇಲ್ಲವಾದರೆ ಕೆಲಸ ಮತ್ತೆ ಒಂದೇ ಶೂವಿನ ಪಾಲಾಗುತ್ತದೆ. ಇನ್ನೊಂದು ಗುಣವನ್ನೂ ಅರಿತಿರಬೇಕು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಡ್ರಮ್ಮು ಉಲ್ಟಾ ತಿರುಗುತ್ತದೆ, ಆಗ ಎರಡೂ ಟ್ರೇಲಿಂಗ್ ಶೂಗಳಾಗಿ ಹಿಡಿತ ತೀರಾ ಕಡಿಮೆಯಾಗುತ್ತದೆ. ಏರಿನಲ್ಲಿ ನಿಲ್ಲಿಸಲು ಹಿಂದಿನ ಬ್ರೇಕೇ ಗತಿ.

ಎಷ್ಟೇ ಸುಧಾರಿಸಿದರೂ ಡ್ರಮ್ಮಿನ ಎರಡು ದೌರ್ಬಲ್ಯಗಳು ಹೋಗುವುದಿಲ್ಲ. ನೀರು ಹೊಕ್ಕರೆ ಒಣಗುವ ತನಕ ಹಿಡಿಯುವುದಿಲ್ಲ. ಕಾದರೆ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಇಳಿಯುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವವರು ಈ ಲೆಕ್ಕ ನೆನಪಿಡಬೇಕು. ಬರೀ ಬ್ರೇಕಿನ ಮೇಲೆ ಪ್ರತಿ 100 ಮೀಟರ್ ಎತ್ತರ ಇಳಿದಾಗ ಹುಟ್ಟುವ ಶಾಖ, 80 ಕಿ.ಮೀ. ವೇಗದಿಂದ ನಾಲ್ಕು ಸಲ ಗಾಡಿ ನಿಲ್ಲಿಸಿದಷ್ಟು. ಜಾವಾ, ಯೆಜ್ಡಿಗಳ ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಕಡಿಮೆ. ಹಾಗಾಗಿ ಭಾರವೆಲ್ಲ ಬ್ರೇಕಿನ ಮೇಲೆಯೇ.

ಡಿಸ್ಕ್ ಬಂದ ದಾರಿ

ಡಿಸ್ಕ್ ಬ್ರೇಕಿನಲ್ಲಿ ತಟ್ಟೆಯೊಂದು ಗಾಳಿಗೆ ತೆರೆದುಕೊಂಡು ತಿರುಗುತ್ತದೆ, ಎರಡು ಪ್ಯಾಡುಗಳು ಅದನ್ನು ಇಕ್ಕಳದಂತೆ ಹಿಡಿಯುತ್ತವೆ. ಶಾಖ ಬೇಗ ಆರುತ್ತದೆ, ನೀರು ಸಿಡಿದು ಹೋಗುತ್ತದೆ. ನಮಗೆಲ್ಲ ಪರಿಚಿತವಾದ ಲ್ಯಾಂಬ್ರೆಟಾ ಬಳಗದ ಟಿವಿ 175 ಸ್ಕೂಟರು 1962ರಲ್ಲೇ ಇಟಲಿಯಲ್ಲಿ ಮುಂದಿನ ಡಿಸ್ಕ್ ಬ್ರೇಕ್ ಪಡೆದಿತ್ತು. 1969ರಲ್ಲಿ ಹೋಂಡಾ ಸಿಬಿ 750 ದ್ರವದ ಒತ್ತಡದಿಂದ ಕೆಲಸ ಮಾಡುವ ಡಿಸ್ಕನ್ನು ಜನಸಾಮಾನ್ಯರ ಮೋಟಾರ್‌ಸೈಕಲ್ಲಿಗೆ ತಂದಿತು. ಭಾರತದಲ್ಲಿ 1980ರ ದಶಕದಲ್ಲಿ ಎನ್‌ಫೀಲ್ಡ್ ಕಂಪೆನಿ ‘ಫ್ಯೂರಿ’ಯಲ್ಲಿ ಇದನ್ನು ತಂದರೂ ಗಾಡಿ ಓಡಲಿಲ್ಲ. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಪಲ್ಸರ್‌ಗಳ ನಂತರವೇ ಡಿಸ್ಕ್ ಮನೆಮಾತಾಯಿತು. ಅಷ್ಟರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿಹೋಗಿತ್ತು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು.

ಹಳೆಯ ಯೆಜ್ಡಿಗೆ ಹೊಸ ಗಾಡಿಯ ಡಿಸ್ಕ್ ಕೂರಿಸಿಕೊಳ್ಳುವ ಆಸೆ ಸಹಜ. ಆದರೆ ತಟ್ಟೆಯೊಂದನ್ನು ತಂದು ಬಿಗಿದರೆ ಕೆಲಸ ಮುಗಿಯುವುದಿಲ್ಲ. ಡಿಸ್ಕಿನ ಬಲವನ್ನು ತಡೆದುಕೊಳ್ಳುವುದು ಫೋರ್ಕು. ಹಳೆಯ ಫೋರ್ಕಿನ ಕಾಲು ಆ ಬಲಕ್ಕಾಗಿ ಎರಕ ಹೊಯ್ದದ್ದಲ್ಲ. ಒಂದೇ ಬದಿಗೆ ಬೀಳುವ ಎಳೆತಕ್ಕೆ ತೆಳುವಾದ ಫೋರ್ಕು ತಿರುಚಿಕೊಳ್ಳಬಹುದು. ಎರಕದ ಅಲ್ಯೂಮಿನಿಯಂ ಕಾಲಿಗೆ ಪಟ್ಟಿಯೊಂದನ್ನು ವೆಲ್ಡ್ ಮಾಡಿ ಕ್ಯಾಲಿಪರ್ ತೂಗುಹಾಕುವುದಂತೂ ಪ್ರಾಣಾಪಾಯದ ಕೆಲಸ. ಆ ಬೆಸುಗೆ ಬಿಟ್ಟರೆ ಕ್ಯಾಲಿಪರ್ ಕಡ್ಡಿಗಳಿಗೆ ಸಿಕ್ಕಿ ಚಕ್ರ ನಿಂತೇಬಿಡುತ್ತದೆ. ಮಾಡುವುದಾದರೆ ಫೋರ್ಕು, ಹಬ್ಬು, ಕ್ಯಾಲಿಪರ್, ಲಿವರ್ ಎಲ್ಲವೂ ಒಂದೇ ಗಾಡಿಯದಾಗಿರಬೇಕು, ಅನುಭವಸ್ಥರ ಕೈಯಲ್ಲಿ ಆಗಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಕಾನೂನು ಮತ್ತು ಪರಂಪರೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿಯೇ ನಿಯಮ ತಂದಿತು. 50 ವರ್ಷ ದಾಟಿದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1961ರಿಂದ 1970ರ ದಶಕದ ಆರಂಭದವರೆಗಿನ ಮೈಸೂರು ಜಾವಾಗಳು ಈಗಾಗಲೇ ಈ ವಯಸ್ಸು ದಾಟಿವೆ. ಆದ್ದರಿಂದ ದೊಡ್ಡ ಮಾರ್ಪಾಡಿಗೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಬಿಚ್ಚಿದ ಹಳೆಯ ಹಬ್ಬು, ಶೂಗಳನ್ನು ಗುಜರಿಗೆ ಹಾಕದೆ ಎತ್ತಿಡುವುದು ಅದಕ್ಕಿಂತ ದೊಡ್ಡ ಜಾಣತನ. ಬೇಕೆಂದಾಗ ಮರಳಿ ಕೂರಿಸಬಹುದಾದ ಬದಲಾವಣೆಯಿಂದ ಇತಿಹಾಸ ಅಳಿಯುವುದಿಲ್ಲ.

ಅರಸೀಕೆರೆಯಿಂದ ಬೇಲೂರು, ಹಳೇಬೀಡು ದೂರವಿಲ್ಲ. ಅಲ್ಲಿನ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಕಲ್ಲುಗಳನ್ನು ಇದ್ದಲ್ಲಿಯೇ, ಇದ್ದಂತೆಯೇ ಉಳಿಸಿಕೊಂಡರೆ ಸಾಕು. ಮೋಟಾರ್‌ಸೈಕಲ್ಲಿನ ಮಾತು ಬೇರೆ. ಅದು ಓಡಿದರೆ ಮಾತ್ರ ಮೋಟಾರ್‌ಸೈಕಲ್. ಓಡುವ ರಸ್ತೆಯಲ್ಲಿ ಎದುರಿಗೆ ಶಾಲೆಯ ಮಕ್ಕಳಿರುತ್ತಾರೆ, ಅಡ್ಡ ಬರುವ ದನಕರುಗಳಿರುತ್ತವೆ. ಪರಂಪರೆಯ ಹೆಸರಿನಲ್ಲಿ ಸರಿಯಾಗಿ ನಿಲ್ಲದ ಗಾಡಿಯನ್ನು ಅವರ ನಡುವೆ ಓಡಿಸುವ ಹಕ್ಕು ಯಾರಿಗೂ ಇಲ್ಲ.

ಜಾವಾ ಹೆಸರು 2018ರ ನವೆಂಬರ್‌ನಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಟ್ಯಾಂಕಿನ ಆಕಾರ, ಬಣ್ಣ, ಜೋಡಿ ಸೈಲೆನ್ಸರ್, ಎಲ್ಲದರಲ್ಲೂ ಹಳೆಯ ಗಾಡಿಯ ನೆನಪು ಬರುವಂತೆ ಅದನ್ನು ರೂಪಿಸಿದ್ದರು. ಮುಂದಿನ ಚಕ್ರದಲ್ಲಿ ಮಾತ್ರ 160 ಮಿ.ಮೀ. ಡ್ರಮ್ಮಿನ ಬದಲು 280 ಮಿ.ಮೀ. ಡಿಸ್ಕು ಮತ್ತು ಎಬಿಎಸ್ ಇತ್ತು. ಹಳೆಯ ಗಾಡಿಯ ಮಾಲೀಕರೆಲ್ಲ ಅಷ್ಟು ದೂರ ಹೋಗಬೇಕಿಲ್ಲ. ಗುಂಡಗೆ ಕೆತ್ತಿಸಿದ ಡ್ರಮ್ಮು, ಅಳತೆಗೆ ಕೂತ ಶೂ, ಹೊಸ ಕೇಬಲ್, ಮುಂದಿನ ಲಿವರಿನ ಮೇಲೆ ಸದಾ ಎರಡು ಬೆರಳು, ಮುಂದಿನ ವಾಹನದಿಂದ ಸಾಕಷ್ಟು ಅಂತರ: ಇಷ್ಟಿದ್ದರೆ ಮೈಸೂರಿನ ಆ ಗಾಡಿ ಇನ್ನೊಂದು ತಲೆಮಾರನ್ನೂ ಕ್ಷೇಮವಾಗಿ ಮನೆ ಮುಟ್ಟಿಸೀತು.